ಉಪವಾಸವೂ ಹಸಿವೂ ಒಂದಲ್ಲ

ಓದತಕ್ಕ ವೇದಭಾಗ: 1 ಸಮುವೇಲ 14ನೆಯ ಅಧ್ಯಾಯ, 24ರಿಂದ 33ರ ವರೆಗೆ



ಸೌಲನು ಇಸ್ರಾಯೇಲ್ಯರ ಮೊದಲನೆಯ ಅರಸನು. ಫಿಲಿಷ್ಟಿಯರ ಸಂಗಡ ಯುದ್ಧ ನಡೆಯುತ್ತಿದ್ದ ಒಂದು ದಿವಸ ಅವನು ತನ್ನ ದಂಡಿನವರಿಗೆಲ್ಲಾ ಒಂದು ಆಣೆಯಿಟ್ಟನು. ತಾನು ಶತ್ರುಗಳಿಗೆ ಮುಯ್ಯಿ ತೀರಿಸುವ ವರೆಗೂ, ಸಾಯಂಕಾಲಕ್ಕೆ ಮುಂಚೆ ಯಾವನಾದರೂ ಉಂಡರೆ ಅವನ ಮೇಲೆ ಶಾಪವಿರಲಿ ಎಂಬದೇ ಆ ಆಣೆ. ದಂಡಿನವರೋ ಬೆಳಗಿನಿಂದ ಗುಡ್ಡ ಹತ್ತಿ ಇಳಿದು ಕಾದಾಡಿದವರು. ಅವರು ಒಂದು ಕಾಡಿಗೆ ಬಂದಾಗ ಅಲ್ಲಿ ಜೇನು ತೊಟ್ಟಿಕ್ಕುತ್ತಿತ್ತು. ಆದಾಗ್ಯೂ ಆಣೆಗೆ ಹೆದರಿ ಒಬ್ಬನಾದರೂ ಅದನ್ನು ಮುಟ್ಟಲಿಲ್ಲ. ಅರಸನ ಮಗನಾದ ಯೋನಾತಾನನು ಮಾತ್ರ ಆಣೆಯ ಸುದ್ದಿಯನ್ನು ಕೇಳಿರಲಿಲ್ಲ. ಅವನು ಕೈಕೋಲಿನ ತುದಿಯನ್ನು ಜೇನುಹುಟ್ಟಿನಲ್ಲಿ ಅದ್ದಿ ರುಚಿ ನೋಡಿದನು. ಮಂಕಾಗಿದ್ದ ಅವನ ಕಣ್ಣುಗಳಿಗೆ ಕೂಡಲೆ ಕಳೆ ಬಂತು. ಆಣೆಯ ವಿಷಯವನ್ನು ಒಬ್ಬನು ತಿಳಿಸಿದಾಗ ಅವನು, ತನ್ನ ತಂದೆಯು ಜನರಿಗೆ ಕೇಡನ್ನೇ ಮಾಡಿದನೆಂದೂ, ಈ ಜನರು ಹೊಟ್ಟೆಗೆ ತಿಂದಿದ್ದರೆ ಜಯವು ಇನ್ನೂ ದೊಡ್ಡದಾಗುತ್ತಿತ್ತೆಂದೂ ಹೇಳಿದನು. ಸಾಯಂಕಾಲವಾದ ಮೇಲೆ ಏನಾಯಿತು? ಹಸಿದು ಸೊರಗಿದ ಜನರು ಕೊಳ್ಳೆಯ ಕುರಿದನಗಳ ಮೇಲೆ ಬಿದ್ದು, ನೆಲದ ಮೇಲೆಯೇ ಕೊಯ್ದು, ರಕ್ತಸಹಿತವಾದ ಮಾಂಸವನ್ನೇ ತಿಂದು ಪಾಪಕ್ಕೆ ಒಳಗಾದರು.

ಈ ಅಧ್ಯಾಯವನ್ನು ನಾವು ಉಪವಾಸದ ದಿನಗಳಲ್ಲಿ ಓದುವದು ಅಪರೂಪ. ದಾನಿಯೇಲನ ಹತ್ತು ದಿವಸದ ಕಾಯಿಪಲ್ಯವನ್ನೂ ನಿನೆವೆಯ ಗೋಣೀತಟ್ಟನ್ನೂ ಓದುತ್ತೇವೆ. ಸೌಲನ ಆಣೆಯನ್ನು ಬಿಟ್ಟುಬಿಡುತ್ತೇವೆ. ಈಗಲಾದರೋ ಅದನ್ನು ಓದುವ ಅಗತ್ಯವುಂಟು. ಯಾಕಂದರೆ ಉಪವಾಸದ ವಿಷಯವಾಗಿ ಹೊಸದೊಂದು ಬೋಧನೆಯು ಪಟ್ಟಣಗಳಿಂದ ಹಳ್ಳಿಗಳಿಗೆ ಬಂದಿದೆ. ದಿನಕ್ಕೆ 16 ತಾಸು ಹೊಟ್ಟೆಯನ್ನು ಬರಿದಾಗಿಟ್ಟು ಮಿಕ್ಕ 8 ತಾಸಿನೊಳಗೆ ಉಂಡರೆ ಬೊಜ್ಜು ಕರಗುವದು, ವಾರಕ್ಕೆ 2 ದಿವಸ ಅರೆಹೊಟ್ಟೆಯಲ್ಲಿದ್ದರೆ ಸಕ್ಕರೆ ಕಾಯಿಲೆ ಓಡಿಹೋಗುವದು, ಕಡಿಮೆ ಉಂಡವನು ನೂರು ವರುಷ ಬಾಳುವನು ಎಂದು ಜನರು ಹೇಳಿಕೊಳ್ಳುತ್ತಾರೆ. ನಮ್ಮ ಸಭೆಯವರಲ್ಲಿ ಕೆಲವರು ಇದನ್ನು ಪ್ರಾರ್ಥನೆಯ ಉಪವಾಸದೊಂದಿಗೆ ಬೆರಸಿ, ಆತ್ಮಕ್ಕೂ ದೇಹಕ್ಕೂ ಒಂದೇ ಮದ್ದು ಸಿಕ್ಕಿತೆಂದು ಸಂತೋಷಪಡುತ್ತಾರೆ. ಈ ಮಾತಿನಲ್ಲಿ ನಿಜವುಂಟೋ? ಉಂಟು. ಆದರೆ ಅದು ಯಾರಿಗೆ ನಿಜ ಎಂಬದನ್ನು ಮೊದಲು ಕೇಳಬೇಕು.

ದೇಹದ ಕೆಲಸವನ್ನು ಮನೆಯ ಲೆಕ್ಕದಿಂದ ತಿಳಿದುಕೊಳ್ಳೋಣ. ರೈತನ ಮನೆಯಲ್ಲಿ ಅಡಿಗೆಕೋಣೆಯ ಮಡಕೆಯೊಂದು ಇರುತ್ತದೆ, ಅಂಗಳದ ಹಗೇವು ಒಂದು ಇರುತ್ತದೆ. ನಾವು ಉಂಡ ಅನ್ನವು ಸಕ್ಕರೆಯಾಗಿ ರಕ್ತಕ್ಕೆ ಸೇರುವದು. ಆಗ ಇನ್ಸುಲಿನ್ ಎಂಬ ರಸವು ಹೊರಟು ಅದನ್ನು ಅಂಗಗಳಿಗೆ ಹಂಚಿ, ಉಳಿದದ್ದನ್ನು ಕೂಡಿಡುವದು. ಯಕೃತ್ತಿನಲ್ಲಿ ಇಟ್ಟದ್ದು ಮಡಕೆಯ ಹಿಟ್ಟು. ಅದು ಸುಮಾರು ಅರ್ಧ ದಿವಸದಿಂದ ಒಂದು ದಿವಸಕ್ಕೆ ಸಾಕಾಗುವದು. ಗುದ್ದಲಿ ಹಿಡಿದವನಿಗೆ ಇನ್ನೂ ಬೇಗ ಮುಗಿಯುವದು. ಚರ್ಮದ ಕೆಳಗೂ ಹೊಟ್ಟೆಯೊಳಗೂ ಕೂಡಿದ ಕೊಬ್ಬು ಹಗೇವಿನ ಧಾನ್ಯ. ಮಡಕೆ ಬರಿದಾದ ಮೇಲೆಯೇ ದೇಹವು ಹಗೇವನ್ನು ಹೆಚ್ಚಾಗಿ ತೆರೆಯುವದು. ಎದ್ದಾಗ ಕಾಫಿ, ಹತ್ತಕ್ಕೆ ಚಹ, ಸಂಜೆಗೆ ಬೋಂಡ, ರಾತ್ರಿ ಹತ್ತಕ್ಕೆ ಅನ್ನ ಎಂದು ಮಡಕೆಯನ್ನು ಬರಿದಾಗಲು ಬಿಡದವನ ಹಗೇವು ತುಂಬುತ್ತಲೇ ಹೋಗಿ, ಕೊನೆಗೆ ಯಕೃತ್ತಿನೊಳಗೂ ಕೊಬ್ಬು ಸೇರಿ, ಇನ್ಸುಲಿನ್‌ನ ಮಾತನ್ನು ದೇಹವು ಕೇಳದೆ ಹೋಗುವದು. ನಮ್ಮಲ್ಲಿ ಬಹುಮಂದಿಗೆ ಸಕ್ಕರೆ ಕಾಯಿಲೆಯು ಬರುವ ದಾರಿ ಇದೇ. ಅಂಥವನು ಕಡಿಮೆ ಉಂಡರೆ ಪ್ರಯೋಜನವಾಗುವದರಲ್ಲಿ ಆಶ್ಚರ್ಯವೇನು? ಆದರೆ ಹಗೇವಿನಲ್ಲಿ ಏನೂ ಇಲ್ಲದ ಮನೆಯವನು ಮಡಕೆಯನ್ನು ಬೋರಲು ಹಾಕಿದರೆ, ಅವನ ದೇಹವು ತನ್ನ ಮಾಂಸಖಂಡವನ್ನೇ ಕರಗಿಸುವದು. ಅದು ಒಲೆ ಉರಿಸುವದಕ್ಕೆ ಮನೆಯ ತೊಲೆಯನ್ನು ಸೀಳಿದ ಹಾಗೆ.

ಮಿತವಾಗಿ ಉಣ್ಣಬೇಕೆಂಬದು ಹೊಸ ಮಾತಲ್ಲ. ಇತಾಲ್ಯ ದೇಶದ ವೆನಿಸ್ ರಾಜ್ಯದಲ್ಲಿ ಲುಯಿಜಿ ಕೊರ್ನಾರೊ ಎಂಬ ಶ್ರೀಮಂತನಿದ್ದನು. ತಿಂದು ಕುಡಿದು 40 ವರುಷದ ಸುಮಾರಿಗೆ ರೋಗದ ಗೂಡಾಗಿದ್ದ ಅವನು, ವೈದ್ಯರ ಮಾತಿನಂತೆ ದಿನಕ್ಕೆ 12 ಔನ್ಸು, ಅಂದರೆ ಸುಮಾರು 340 ಗ್ರಾಮು ಆಹಾರಕ್ಕೆ ತನ್ನನ್ನು ಕಟ್ಟುಮಾಡಿಕೊಂಡು ಸ್ವಸ್ಥನಾಗಿ, 1558ರಲ್ಲಿ ಆ ವಿಷಯವಾಗಿ ಪುಸ್ತಕವನ್ನು ಬರೆದು ಪ್ರಕಟಿಸಿದನು. ಇಂಗ್ಲೆಂಡಿನ ಹಳ್ಳಿಯೊಂದರ ಸಭಾಪಾಲಕನೂ ಕವಿಯೂ ಆಗಿದ್ದ ಜಾರ್ಜ್ ಹರ್ಬರ್ಟನು ಅದನ್ನು ತನ್ನ ಭಾಷೆಗೆ ತಿರುಗಿಸಿದನು. ಅವನು ತೀರಿಹೋದ ಮರುವರುಷ, 1634ರಲ್ಲಿ, ಅದು ಅಚ್ಚಾಯಿತು. ಸಭಾಪಾಲಕನಿಗೆ ಇಂಥ ಕೆಲಸ ಯಾಕೆ ಎಂದು ಆಗಲೂ ಕೆಲವರು ಕೇಳಿರಬಹುದು. ಕೊರ್ನಾರೊ ಶ್ರೀಮಂತನೆಂಬದನ್ನು ಮಾತ್ರ ಮರೆಯಬಾರದು. ಅವನು ಬಿಟ್ಟದ್ದು ಹೆಚ್ಚಾದದ್ದನ್ನು.

ನಮ್ಮ ಕಾಲಕ್ಕೆ ಹತ್ತಿರವಾಗಿ ವಿದ್ವಾಂಸರು ಇದನ್ನು ಅಳೆದು ತೂಗಿ ನೋಡಿದ್ದಾರೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಲೈವ್ ಮೆಕೇ ಎಂಬವರೂ ಅವರ ಜೊತೆಯವರೂ, ಕಡಿಮೆ ಮೇವು ಹಾಕಿದ ಇಲಿಗಳು ಹೆಚ್ಚು ಕಾಲ ಬದುಕಿದವೆಂದು 1935ರಲ್ಲಿ ಪ್ರಕಟಿಸಿದರು. ಇಲಿಯ ಮಾತು ಮನುಷ್ಯನಿಗೆ ಸಾಲದೆಂದು ಆ ದೇಶದಲ್ಲಿಯೇ ಎರಡು ಕಡೆಗಳಲ್ಲಿ ಮಂಗಗಳನ್ನು ಇಪ್ಪತ್ತು ವರುಷಕ್ಕೂ ಮೇಲ್ಪಟ್ಟು ಸಾಕಿ ನೋಡಿದರು. ವಿಸ್ಕಾನ್ಸಿನ್‌ನವರು 2009ರಲ್ಲಿ, ಕಡಿಮೆ ತಿಂದ ಮಂಗಗಳಿಗೆ ರೋಗವೂ ಮರಣವೂ ಕಡಿಮೆ ಎಂದರು. ಮತ್ತೊಂದು ಕಡೆಯವರು 2012ರಲ್ಲಿ, ಆಯುಷ್ಯವೇನೂ ಹೆಚ್ಚಲಿಲ್ಲ ಎಂದರು. ಯಾಕೆ ಈ ಭೇದ? ಒಂದು ಕಾರಣವು ಯೋಚಿಸತಕ್ಕದ್ದು. ವಿಸ್ಕಾನ್ಸಿನ್‌ನಲ್ಲಿ ಹೋಲಿಕೆಗಾಗಿ ಇಟ್ಟ ಮಂಗಗಳು ಸಕ್ಕರೆ ಹೆಚ್ಚಾಗಿದ್ದ ಮೇವನ್ನು ಬೇಕಾದಷ್ಟು ತಿನ್ನುತ್ತಿದ್ದವು. ಇನ್ನೊಂದು ಕಡೆಯಲ್ಲಿ ಅಂಥವಕ್ಕೂ ಅಳತೆಯ ಮೇವೇ ಇತ್ತು. ಹೊಟ್ಟೆಬಾಕನಿಗೆ ಹೋಲಿಸಿದರೆ ಮಿತವಾಗಿ ಉಂಡವನು ಬಹಳ ಮುಂದೆ; ಮೊದಲೇ ಮಿತವಾಗಿ ಉಣ್ಣುವವನಿಗೆ ಹೋಲಿಸಿದರೆ ಅಷ್ಟೇನೂ ಅಲ್ಲ.

ಮನುಷ್ಯರಲ್ಲಿಯೂ ನೋಡಿದ್ದಾರೆ. ಅಮೆರಿಕದಲ್ಲಿ ಬೊಜ್ಜಿಲ್ಲದ ಸುಮಾರು 220 ಮಂದಿಯನ್ನು ಎರಡು ವರುಷ ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಲೆಕ್ಕವಿದೆ. ಕಡಿಮೆ ಉಣ್ಣುವ ಪಾಲಿಗೆ ಬಂದವರು ಊಟವನ್ನು ನಾಲ್ಕರಲ್ಲೊಂದು ಪಾಲು ತಗ್ಗಿಸಬೇಕಾಗಿತ್ತು. ತಗ್ಗಿಸಲು ಆದದ್ದು ನೂರಕ್ಕೆ ಸುಮಾರು 12. ಅಷ್ಟರಿಂದಲೇ ಅವರ ರಕ್ತದೊತ್ತಡವೂ ಹೃದಯಕ್ಕೆ ಕೇಡು ಮಾಡುವ ಕೊಬ್ಬೂ ಇಳಿದವು. ಎಲುಬುಗಳು ಕೂಡ ಸ್ವಲ್ಪ ಸವೆದವು. ಬ್ರಿಟನ್ನಿನಲ್ಲಿ 2017ರಲ್ಲಿ ಪ್ರಕಟವಾದ ಮತ್ತೊಂದು ಪರೀಕ್ಷೆಯಲ್ಲಿ, ಸಕ್ಕರೆ ಕಾಯಿಲೆ ಬಂದು 6 ವರುಷದೊಳಗಿನ ಸ್ಥೂಲಕಾಯದವರಿಗೆ ದಿನಕ್ಕೆ ಸುಮಾರು 850 ಕ್ಯಾಲೊರಿಯ ಪಥ್ಯವನ್ನು 3ರಿಂದ 5 ತಿಂಗಳು ಕೊಟ್ಟರು. ವರುಷ ಕಳೆದಾಗ ಅವರಲ್ಲಿ ನೂರಕ್ಕೆ 46 ಮಂದಿ ಮಾತ್ರೆಯಿಲ್ಲದೆ ಸಕ್ಕರೆಯನ್ನು ಹತೋಟಿಯಲ್ಲಿಟ್ಟುಕೊಂಡಿದ್ದರು. ದೇವರಿಗೆ ಸ್ತೋತ್ರ! ಆದರೆ ಅವರು ವೈದ್ಯರ ಕಣ್ಣ ಮುಂದೆ, ಮಾತ್ರೆಗಳನ್ನು ಮೊದಲೇ ನಿಲ್ಲಿಸಿಕೊಂಡು, ಅಳೆದು ಕೊಟ್ಟ ಪಥ್ಯವನ್ನು ತೆಗೆದುಕೊಂಡವರು. ತಮ್ಮ ಮನಸ್ಸಿಗೆ ಬಂದ ಹಾಗೆ ಮೂರು ದಿವಸ ಉಪವಾಸ ಬಿದ್ದವರಲ್ಲ.

ತಾಸಿನ ಲೆಕ್ಕದ ಉಪವಾಸದ ವಿಷಯವೇನು? ಚೀನ ದೇಶದ ಗ್ವಾಂಗ್‌ಝೌ ಪಟ್ಟಣದಲ್ಲಿ 139 ಮಂದಿ ಸ್ಥೂಲಕಾಯದವರನ್ನು ಎರಡು ಗುಂಪು ಮಾಡಿ, ಎಲ್ಲರಿಗೂ ಊಟವನ್ನು ತಗ್ಗಿಸಿ, ಒಂದು ಗುಂಪಿಗೆ ಮಾತ್ರ ಬೆಳಿಗ್ಗೆ 8ರಿಂದ ಸಂಜೆ 4ರೊಳಗೆ ಉಣ್ಣತಕ್ಕದ್ದೆಂದು ಕಟ್ಟುಮಾಡಿದರು. ವರುಷದ ಮೇಲೆ ನೋಡಿದರೆ ಎರಡು ಗುಂಪಿನವರ ತೂಕವೂ ಇಳಿದಿತ್ತು. ಹೆಚ್ಚು ಕಡಿಮೆಯೆಂದು ಹೇಳತಕ್ಕ ಭೇದವಿರಲಿಲ್ಲ. ಇದು 2022ರಲ್ಲಿ ಪ್ರಕಟವಾಯಿತು. ಹೀಗಿರಲಾಗಿ ಗಡಿಯಾರದಲ್ಲಿ ಮಂತ್ರವೇನೂ ಇಲ್ಲ. ರಾತ್ರಿ ತಡವಾಗಿ ಉಣ್ಣುವದನ್ನು ಬಿಟ್ಟು, ಹೊತ್ತು ಮುಳುಗುವ ಸಮಯಕ್ಕೆ ಉಂಡು, ಬೆಳಗಿನ ಅಂಬಲಿಯ ವರೆಗೆ ಹೊಟ್ಟೆಗೆ ವಿಶ್ರಾಂತಿ ಕೊಡುವದು ಆರೋಗ್ಯವಂತರಾದ ದೊಡ್ಡವರಿಗೆ ಒಳ್ಳೇದೇ. ದೀಪದ ಎಣ್ಣೆ ದುಬಾರಿಯಾಗಿದ್ದ ಕಾಲದಲ್ಲಿ ನಮ್ಮ ಅಜ್ಜಂದಿರು ಅದನ್ನೇ ಮಾಡುತ್ತಿದ್ದರು. ಅದಕ್ಕೆ ಅವರು ಹೆಸರನ್ನೇನೂ ಇಟ್ಟಿರಲಿಲ್ಲ. ಜಪಾನಿನ ಯೋಶಿನೊರಿ ಓಸುಮಿ ಎಂಬ ವಿದ್ವಾಂಸರಿಗೆ 2016ರಲ್ಲಿ ನೊಬೆಲ್ ಬಹುಮಾನ ಬಂದದ್ದನ್ನು ಕೆಲವರು ಉದಾಹರಿಸುತ್ತಾರೆ. ಜೀವಕಣವು ತನ್ನೊಳಗಿನ ಹಳೆಯ ಕಸವನ್ನು ತಾನೇ ಕರಗಿಸಿ ಉಪಯೋಗಿಸಿಕೊಳ್ಳುವ ಬಗೆಯನ್ನು, ಆಹಾರ ತಪ್ಪಿಸಿದ ಯೀಸ್ಟಿನಲ್ಲಿ ಅವರು ಕಂಡುಹಿಡಿದರು. ಅದು ಸೃಷ್ಟಿಕರ್ತನ ಜ್ಞಾನವನ್ನು ಹೊಗಳುವದಕ್ಕೆ ತಕ್ಕ ಸಂಗತಿಯೇ. ಯೀಸ್ಟಿನ ಪರೀಕ್ಷೆಯಿಂದ ಕೂಲಿಯವನ ಊಟದ ತಾಸನ್ನು ಗೊತ್ತುಮಾಡುವದು ಬೇರೆ ಮಾತು.

ಇಷ್ಟು ಒಂದು ಕಡೆ. ಇನ್ನೊಂದು ಕಡೆಯನ್ನು ನಮಗೆ ತೋರಿಸಿಕೊಟ್ಟವರು ಕ್ರೈಸ್ತ ಯೌವನಸ್ಥರೇ. 1944ರ ಕೊನೆಯಲ್ಲಿ, ಎರಡನೆಯ ಮಹಾಯುದ್ಧವು ನಡೆಯುತ್ತಿದ್ದಾಗ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬವರು ಹಸಿವಿನ ಪರಿಣಾಮವನ್ನು ತಿಳಿಯುವದಕ್ಕೆ 36 ಮಂದಿಯನ್ನು ಆರಿಸಿಕೊಂಡರು. ಮನಸ್ಸಾಕ್ಷಿಯ ನಿಮಿತ್ತ ಆಯುಧ ಹಿಡಿಯಲೊಲ್ಲದೆ, ಬೇರೆ ಸೇವೆಗೆ ತಮ್ಮನ್ನು ಒಪ್ಪಿಸಿಕೊಂಡವರು ಅವರು. ಅನೇಕರು ಬ್ರೆದರನ್, ಕ್ವೇಕರ್, ಮೆನೊನೈಟ್ ಸಭೆಗಳವರು. ಯುದ್ಧದಿಂದ ಹಸಿದ ದೇಶಗಳವರನ್ನು ಹೇಗೆ ಬದುಕಿಸಬೇಕೆಂದು ಲೋಕವು ಕಲಿಯಲಿ ಎಂದೇ ಅವರು ಹಸಿವಿಗೆ ದೇಹವನ್ನು ಕೊಟ್ಟರು. ಪೂರಾ ಉಪವಾಸವೇನೂ ಅಲ್ಲ. 24 ವಾರಗಳ ವರೆಗೆ ದಿನಕ್ಕೆ ಎರಡು ಊಟ, ಸುಮಾರು 1,570 ಕ್ಯಾಲೊರಿ. ರೊಟ್ಟಿ, ಆಲೂಗಡ್ಡೆ, ಕೋಸು. ಜೊತೆಗೆ ವಾರಕ್ಕೆ 22 ಮೈಲಿ ನಡೆಯಬೇಕು. ಅವರ ತೂಕದಲ್ಲಿ ಹೆಚ್ಚು ಕಡಿಮೆ ನಾಲ್ಕರಲ್ಲೊಂದು ಪಾಲು ಹೋಯಿತು. ನಾಡಿ ನಿಧಾನವಾಯಿತು, ಬೇಸಿಗೆಯಲ್ಲಿಯೂ ಚಳಿ, ಮೆಟ್ಟಿಲು ಹತ್ತಿದರೆ ಸುಸ್ತು. ಸ್ನೇಹಿತರಾಗಿದ್ದವರು ಸಿಡುಕಿದರು, ಊಟದ ಕನಸು ಕಂಡರು, ಅಡಿಗೆಯ ಪುಸ್ತಕಗಳನ್ನು ಕೂತು ಓದಿದರು. ಹಸಿವೆಂಬದು ತನ್ನಷ್ಟಕ್ಕೆ ತಾನೇ ಮನುಷ್ಯನನ್ನು ದೇವರ ಹತ್ತಿರಕ್ಕೆ ತರುವದಾದರೆ, ಭಕ್ತಿಯುಳ್ಳ ಈ ಯೌವನಸ್ಥರ ಮನಸ್ಸು ಊಟದ ಸುತ್ತಲೇ ಯಾಕೆ ತಿರುಗಿತು?

ಮಿನೆಸೋಟದ ವರೆಗೆ ಹೋಗುವದೂ ಬೇಡ. 1876ರಿಂದ 1878ರ ವರೆಗಿನ ಧಾತು ಈಶ್ವರ ಸಂವತ್ಸರಗಳ ಬರವನ್ನು ಮೈಸೂರು ಸೀಮೆಯವರು ತಲೆತಲಾಂತರ ನೆನಸಿಕೊಂಡರು. 1871ರ ಜನಗಣತಿಯಲ್ಲಿ 50 ಲಕ್ಷಕ್ಕೆ ಮೇಲ್ಪಟ್ಟಿದ್ದ ಆ ಸೀಮೆಯ ಜನರು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿದ್ದರು. ಆ ಬರದಲ್ಲಿ ಮದರಾಸು ಸಂಸ್ಥಾನದ ಪರಿಹಾರ ಕಾಮಗಾರಿಗಳಲ್ಲಿ ಗಂಡಾಳಿಗೆ ದಿನಕ್ಕೆ ಒಂದು ಪೌಂಡು, ಅಂದರೆ ಸುಮಾರು 450 ಗ್ರಾಮು ಧಾನ್ಯವೂ ಸ್ವಲ್ಪ ಕಾಸೂ ಸಾಕೆಂದು ಸರ್ ರಿಚರ್ಡ್ ಟೆಂಪಲ್ ಗೊತ್ತುಮಾಡಿಸಿದರು. ಕೆಲಸ ಮಾಡುವವನಿಗೆ ಅದು ಸಾಲದು, ಜನರು ಸೊರಗಿ ಸಾಯುತ್ತಾರೆಂದು ಆರೋಗ್ಯಾಧಿಕಾರಿಯಾಗಿದ್ದ ಡಾಕ್ಟರ್ ಕಾರ್ನಿಷ್ ವಾದಿಸಿದರು. ಇತರರ ಹೊಟ್ಟೆಗೆ ಅಳತೆ ಹಾಕುವ ಅಧಿಕಾರಿಯು ಸೌಲನ ಕಾಲದಲ್ಲಿ ಮಾತ್ರ ಇದ್ದವನಲ್ಲ. ಮಿಷನ್ನಿನವರು ಆ ಬರದ ತಬ್ಬಲಿ ಮಕ್ಕಳನ್ನು ತೆಗೆದುಕೊಂಡು ಸಾಕಿದರು. ಉಪವಾಸವನ್ನು ಬೋಧಿಸಲಿಲ್ಲ, ಗಂಜಿಯನ್ನು ಕೊಟ್ಟರು.

ಆ ಗಂಜಿಯು ಔಷಧವೇ ಎಂಬದಕ್ಕೆ ಈಗ ಸಾಕ್ಷಿಯುಂಟು. ಮಂಗಳೂರಿನ ವೈದ್ಯ ಕಾಲೇಜೊಂದರ ಡಾಕ್ಟರ್ ಅನುರಾಗ್ ಭಾರ್ಗವ, ಡಾಕ್ಟರ್ ಮಾಧವಿ ಭಾರ್ಗವ ಎಂಬವರು ಜಾರ್ಖಂಡದಲ್ಲಿ ಕ್ಷಯರೋಗಿಗಳ ಮನೆಯವರಿಗೆ ತಿಂಗಳು ತಿಂಗಳು ಅಕ್ಕಿಬೇಳೆಗಳನ್ನು ಕೊಡಿಸಿ ನೋಡಿದರು. ರೋಗಿಯ ಸಂಗಡ ಒಂದೇ ಸೂರಿನ ಕೆಳಗೆ ಇರುವವರಿಗೆ ಆ ರೋಗವು ತಗಲುವದು, ಆಹಾರ ಸಿಕ್ಕದ ಮನೆಗಳಿಗಿಂತ ಸಿಕ್ಕಿದ ಮನೆಗಳಲ್ಲಿ ನೂರಕ್ಕೆ ಸುಮಾರು 40ರಷ್ಟು ಕಡಿಮೆಯಾಯಿತೆಂದು 2023ರಲ್ಲಿ ಪ್ರಕಟಿಸಿದರು. ಒಬ್ಬನಿಗೆ ಅನ್ನವನ್ನು ತಗ್ಗಿಸುವದು ಮದ್ದು, ಮತ್ತೊಬ್ಬನಿಗೆ ಅನ್ನವನ್ನು ಹೆಚ್ಚಿಸುವದು ಮದ್ದು. ಇಬ್ಬರೂ ಒಂದೇ ಸಭೆಯಲ್ಲಿ ಒಂದೇ ಚಾಪೆಯ ಮೇಲೆ ಕೂತಿರುತ್ತಾರೆ. ಒಂದೇ ಆಣೆಯನ್ನು ಇಬ್ಬರ ಮೇಲೂ ಇಡುವದು ಹೇಗೆ?

ನಾನು ಸೇವೆಮಾಡುವ ಸೀಮೆಯ ಒಂದು ಊರಲ್ಲಿ ಮೂರು ದಿವಸದ ಉಪವಾಸ ಪ್ರಾರ್ಥನೆಯ ಕೂಟವನ್ನು ಇಟ್ಟಿದ್ದರು. ಸುಮಾರು 50 ವರುಷದ ಒಬ್ಬ ತಾಯಿಯು ಕಳೆ ಕೀಳುವ ಕೂಲಿಯನ್ನು ಬಿಟ್ಟು ಬಂದು ಕೂತಳು. ಸಕ್ಕರೆಯ ಮಾತ್ರೆಯನ್ನು ತಪ್ಪಿಸಬಾರದೆಂದು ವೈದ್ಯರು ಹೇಳಿದ್ದನ್ನು ನೆನಸಿ ಮಾತ್ರೆಯನ್ನು ನುಂಗಿದಳು. ಉಪವಾಸವನ್ನು ಮುರಿಯಬಾರದೆಂದು ಬೋಧಕರು ಹೇಳಿದ್ದನ್ನು ನೆನಸಿ ಊಟವನ್ನು ಬಿಟ್ಟಳು. ಎರಡನೆಯ ದಿವಸ ಮಧ್ಯಾಹ್ನ ಅವಳು ಬೆವತು, ನಡುಗಿ, ಸಂಬಂಧವಿಲ್ಲದ ಮಾತುಗಳನ್ನಾಡತೊಡಗಿದಳು. ಆತ್ಮನು ಬಂದನೆಂದು ಕೆಲವರು ಸ್ತೋತ್ರಮಾಡಿದರು. ದೆವ್ವವೆಂದು ಕೆಲವರು ಗದರಿಸಿದರು. ಆಸ್ಪತ್ರೆಯಲ್ಲಿ ದಾದಿಯ ಕೆಲಸ ಕಲಿಯುತ್ತಿದ್ದ ಒಬ್ಬ ಹುಡುಗಿಯು ಎದ್ದು, ಬೆಲ್ಲದ ನೀರನ್ನು ತಂದು, ಅವಳು ನುಂಗಬಲ್ಲಳೆಂಬದನ್ನು ನೋಡಿಕೊಂಡು ಗುಟುಕು ಗುಟುಕಾಗಿ ಕುಡಿಸಿದಳು. ಕಾಲು ತಾಸಿನಲ್ಲಿ ಆ ತಾಯಿಯು ಎದ್ದು ಕೂತು, ತನಗೆ ಏನಾಯಿತೆಂದು ಕೇಳಿದಳು. ಪ್ರಿಯರೇ, ಯೋನಾತಾನನ ಕಣ್ಣುಗಳಿಗೆ ಕಳೆ ಬಂದದ್ದು ಕಥೆಯ ಅಲಂಕಾರವೆಂದು ನೆನಸಬೇಡಿರಿ. ಜೇನಿನಲ್ಲಿಯೂ ಬೆಲ್ಲದಲ್ಲಿಯೂ ಇರುವದು ಸಕ್ಕರೆಯೇ. ರಕ್ತದಲ್ಲಿ ಸಕ್ಕರೆ ತೀರ ಇಳಿದಾಗ ಮಿದುಳು ಮಂಕಾಗುವದು, ಸಕ್ಕರೆ ಸೇರಿದಾಗ ತಿಳಿಯಾಗುವದು. ಇನ್ಸುಲಿನ್ ಸೂಜಿಮದ್ದೂ ಕೆಲವು ಬಗೆಯ ಮಾತ್ರೆಗಳೂ ಹೊಟ್ಟೆ ಬರಿದಾಗಿರುವದನ್ನು ನೋಡದೆ ಸಕ್ಕರೆಯನ್ನು ಇಳಿಸುತ್ತಲೇ ಹೋಗುತ್ತವೆ. ಆ ಹುಡುಗಿಯು ತಡಮಾಡಿದ್ದರೆ ಅವಳು ಪ್ರಜ್ಞೆ ತಪ್ಪಿ ಸಾಯಲೂಬಹುದಾಗಿತ್ತು. (ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕಬಾರದು, ಅದು ಶ್ವಾಸನಾಳಕ್ಕೆ ಹೋಗುವದು. ಅಂಥವರನ್ನು ಕೂಡಲೆ ಆಸ್ಪತ್ರೆಗೆ ಒಯ್ಯಬೇಕು.)

ಬಸುರಿಯರೂ, ಮೊಲೆಯೂಡಿಸುವ ತಾಯಂದಿರೂ, ಮಕ್ಕಳೂ, ಕ್ಷಯರೋಗಿಗಳೂ, ಮೊದಲೇ ಬಡಕಲಾದವರೂ, ಬಲಗುಂದಿದ ಮುದುಕರೂ ಉಪವಾಸವಿರತಕ್ಕದ್ದಲ್ಲ. ನೆದರ್ಲೆಂಡ್ಸ್ ದೇಶದಲ್ಲಿ 1944–45ರ ಹಸಿವಿನ ಚಳಿಗಾಲದಲ್ಲಿ ಗರ್ಭದಲ್ಲಿದ್ದ ಮಕ್ಕಳು ದೊಡ್ಡವರಾದ ಮೇಲೆ ಸಕ್ಕರೆಗೆ ಸಂಬಂಧಪಟ್ಟ ತೊಂದರೆಗಳಿಗೆ ಹೆಚ್ಚಾಗಿ ಒಳಗಾದರು. ತಾಯಿಯ ಹಸಿವು ಮಗುವಿನ ದೇಹದಲ್ಲಿ ಅಷ್ಟು ಕಾಲ ಉಳಿಯಿತು. ರಕ್ತದೊತ್ತಡಕ್ಕೋ ಸಕ್ಕರೆಗೋ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಒಂದು ಹೊತ್ತನ್ನಾದರೂ ಬಿಡಬಾರದು, ಮಾತ್ರೆಯನ್ನೂ ತಾವಾಗಿ ನಿಲ್ಲಿಸಬಾರದು. ಬಿಸಿಲಲ್ಲಿ ದುಡಿಯುವವರು ನೀರನ್ನು ಬಿಡುವ ಉಪವಾಸವನ್ನು ಎಂದಿಗೂ ಮಾಡಬಾರದು. ಹಸಿವು ತೀರಿಸುವದರಲ್ಲಿಯೂ ಅಳತೆ ಬೇಕು. ಸೌಲನ ದಂಡಿನವರು ಸಾಯಂಕಾಲದಲ್ಲಿ ಮಾಡಿದ್ದನ್ನು ನಾವು ಉಪವಾಸ ಮುಗಿದ ರಾತ್ರಿ ಬಿರಿಯಾನಿಯ ಮುಂದೆ ಮಾಡುತ್ತೇವೆ. ಒಂದು ಹಗಲನ್ನು ಬಿಟ್ಟು ರಾತ್ರಿ ಎರಡು ಹಗಲಿನಷ್ಟು ಉಂಡವನಿಗೆ ಉಪವಾಸದಿಂದ ಸಿಕ್ಕಿದ್ದು ಏನು? ಬಹುದಿನ ಹಸಿದವರಿಗಂತೂ ಒಮ್ಮೆಲೆ ಹೊಟ್ಟೆತುಂಬ ಇಕ್ಕಿದರೆ ರಕ್ತದ ಲವಣಗಳು ಕೆಟ್ಟು ಪ್ರಾಣವೇ ಹೋಗಬಹುದು. ದಾವೀದನ ಜನರು ಹೊಲದಲ್ಲಿ ಬಿದ್ದಿದ್ದ ಐಗುಪ್ತನಿಗೆ, ಮೂರು ದಿವಸದಿಂದ ಏನೂ ತಿನ್ನದೆ ಇದ್ದವನಿಗೆ, ಅಂಜೂರದ ಒಂದು ತುಂಡನ್ನೂ ಒಣದ್ರಾಕ್ಷಿಯ ಎರಡು ಗೊಂಚಲುಗಳನ್ನೂ ಕೊಟ್ಟರೆಂದು ಆ ಪುಸ್ತಕದ 30ನೆಯ ಅಧ್ಯಾಯದಲ್ಲಿದೆ.

ಕಡಿಮೆ ಉಣ್ಣತಕ್ಕವರು ನಮ್ಮಲ್ಲಿ ಇಲ್ಲವೋ? ಇದ್ದಾರೆ. ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆಯೆಂದು 2023ರಲ್ಲಿ ಪ್ರಕಟವಾದ ಲೆಕ್ಕವು ಹೇಳುತ್ತದೆ. ನಮ್ಮ ದೇಶದವರಿಗೆ ಅದು ಹೆಚ್ಚು ತೂಕವಿಲ್ಲದೆಯೂ ಬರುವದು. ಕೈಕಾಲು ತೆಳ್ಳಗೆ, ಹೊಟ್ಟೆ ಮಾತ್ರ ಮುಂದೆ. ಅಂಥವನು ತಟ್ಟೆಯ ಅನ್ನದಲ್ಲಿ ಮೂರನೆಯ ಪಾಲನ್ನು ತೆಗೆದು ಹುರುಳಿಯನ್ನೋ ಅವರೆಯನ್ನೋ ಸೊಪ್ಪನ್ನೋ ಇಟ್ಟುಕೊಳ್ಳಲಿ. ಚಹದ ಸಕ್ಕರೆಯನ್ನೂ ಎರಡು ಊಟಗಳ ನಡುವಣ ತಿಂಡಿಯನ್ನೂ ಬಿಡಲಿ. ಇದನ್ನು ದಿನವೂ ಮಾಡುವದು ವರುಷಕ್ಕೊಮ್ಮೆ ಮೂರು ದಿವಸ ಹೊಟ್ಟೆ ಕಟ್ಟುವದಕ್ಕಿಂತ ಕಷ್ಟ. ಪ್ರಯೋಜನವೂ ಹೆಚ್ಚು.

ಆದರೆ ನಮ್ಮ ಮನೆಗಳಲ್ಲಿ ಉಪವಾಸವೆಂದಾಗ ಮೊದಲು ಮುಂದೆ ಬರುವವರು ಯಾರು? ಹೊಟ್ಟೆ ಮುಂದೆ ಬಂದ ಗಂಡಸರೋ? ಅಲ್ಲ, ಎಲ್ಲರಿಗೂ ಬಡಿಸಿ, ತಳದಲ್ಲಿ ಉಳಿದ ಮುದ್ದೆಯನ್ನು ನೀರುಸಾರಿನಲ್ಲಿ ಅದ್ದಿ ಉಣ್ಣುವ ತಾಯಂದಿರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 15ರಿಂದ 49 ವರುಷದೊಳಗಿನ ನಮ್ಮ ದೇಶದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿತ್ತು. ಅವರು ಹೇಳಿಕೊಳ್ಳದೆ ವರುಷವೆಲ್ಲಾ ಉಪವಾಸವಿರುವವರೇ. ತಾಯಂದಿರೇ, ಗಂಡನ ಕುಡಿತ ಬಿಡಲೆಂದೂ ಮಗನಿಗೆ ಕೆಲಸ ಸಿಗಲೆಂದೂ ನೀವು ಊಟ ಬಿಟ್ಟು ಪ್ರಾರ್ಥಿಸುವದನ್ನು ನಾನು ಬಲ್ಲೆನು. ಊಟ ಮಾಡಿ ಪ್ರಾರ್ಥಿಸಿರಿ. ಸತ್ತ ಹುಡುಗಿಯನ್ನು ಎಬ್ಬಿಸಿದ ಕರ್ತನು ಆ ಮನೆಯವರಿಗೆ ಮೊದಲು ಹೇಳಿದ ಕೆಲಸ ಯಾವದು? ಅವಳಿಗೆ ಉಣ್ಣಲು ಕೊಡಿರೆಂಬದೇ (ಲೂಕ 8). ಬಿರುಗಾಳಿಗೆ ಸಿಕ್ಕಿದ ಹಡಗಿನಲ್ಲಿ 14 ದಿವಸ ಉಣ್ಣದೆ ಇದ್ದ 276 ಮಂದಿಗೆ ಪೌಲನು ಬೇಡಿಕೊಂಡದ್ದೂ ಊಟಮಾಡಿರೆಂದೇ; ಅದು ಅವರ ಪ್ರಾಣರಕ್ಷಣೆಗೆ ಬೇಕಾದದ್ದೆಂದು ಹೇಳಿ, ತಾನೇ ಎಲ್ಲರ ಮುಂದೆ ರೊಟ್ಟಿ ಮುರಿದು ತಿನ್ನಲಾರಂಭಿಸಿದನು (ಅಪೊಸ್ತಲರ ಕೃತ್ಯಗಳು 27). ಮನೆಯ ಯಜಮಾನರೇ, ಉಪವಾಸಕ್ಕೆ ನೀವು ಮೊದಲಾಗಿರಿ. ನೀವು ಬಿಟ್ಟ ಮುದ್ದೆಯು ಯಾರ ತಟ್ಟೆಗೆ ಹೋಯಿತೆಂದು ನೋಡಿರಿ. ಯೆಶಾಯನ 58ನೆಯ ಅಧ್ಯಾಯವು ಉಪವಾಸಕ್ಕೆ ಇಟ್ಟಿರುವ ಅಳತೆ ಅದೇ.

ಸಭೆಯ ಹಿರಿಯರಿಗೆ ಎರಡು ಮಾತು. ಉಪವಾಸ ಪ್ರಾರ್ಥನೆಯ ಕೂಟವನ್ನು ಇಡುವದಕ್ಕೆ ಮುಂಚೆ, ಮಾತ್ರೆ ತೆಗೆದುಕೊಳ್ಳುವವರು, ಬಸುರಿಯರು, ಬಾಣಂತಿಯರು ಯಾರಾರೆಂದು ಮನೆಮನೆಗೆ ಹೋಗಿ ಮೆಲ್ಲಗೆ ವಿಚಾರಿಸಿರಿ. ಕೂಟದಲ್ಲಿ ಎದ್ದು ನಿಲ್ಲಿಸಿ ಕೇಳಬೇಡಿರಿ. ಊಟ ಮಾಡಿದವನ ಪ್ರಾರ್ಥನೆ ಮೇಲಕ್ಕೆ ಹೋಗದೆಂದು ಯಾರೂ ಹೇಳದಂತೆ ನೋಡಿಕೊಳ್ಳಿರಿ. ಸೌಲನು ತನ್ನ ಆಣೆಯನ್ನು ಉಳಿಸುವದಕ್ಕೆ ಮಗನನ್ನೇ ಕೊಲ್ಲಿಸಲು ಸಿದ್ಧನಾದನು. ಯೋನಾತಾನನನ್ನು ಬಿಡಿಸಿದವರು ಜನರು. ಗುಡಿಯ ಹಿಂಬದಿಯಲ್ಲಿ ಒಂದು ಪಾತ್ರೆ ರಾಗಿ ಗಂಜಿ, ಒಂದು ಬಿಂದಿಗೆ ನೀರು, ಒಂದು ಅಚ್ಚು ಬೆಲ್ಲ ಇವುಗಳನ್ನು ಬೆಳಿಗ್ಗೆಯೇ ಇರಿಸಿ, ಬೇಕಾದವರು ಎದ್ದು ಹೋಗಿ ಕುಡಿದು ಬರಬಹುದೆಂದು ಮೊದಲನೆಯ ಸಂಗೀತಕ್ಕೆ ಮುಂಚೆಯೇ ತಿಳಿಸಿರಿ. ಯಾರು ಕುಡಿದರೆಂದು ಯಾರೂ ತಿರುಗಿ ನೋಡುವದು ಬೇಡ.